ದೋಣಿಯ ಎರಡನೆಯ ಬ್ಯಾಟರಿಗೆ ಸ್ಟಾರ್ಟರ್ ಸೊಲೆನಾಯ್ಡ್ ಸಾಕೇ?

ಕಾರಂಜಾ ಹಿನ್ನೀರಿನಲ್ಲಿ ಓಡಿಸುವ 12 ವೋಲ್ಟ್ ಪೆಟ್ರೋಲ್ ದೋಣಿಗೆ ಎರಡನೆಯ ಬ್ಯಾಟರಿ ಜೋಡಿಸಬೇಕಿದೆ, ಬೀದರ್‌ನ ಅಂಗಡಿಯಲ್ಲಿ ಸಿಕ್ಕ ಟ್ರ್ಯಾಕ್ಟರಿನ ಸ್ಟಾರ್ಟರ್ ಸೊಲೆನಾಯ್ಡ್ (ಸುರುಳಿಗೆ ವಿದ್ಯುತ್ ಕೊಟ್ಟಾಗ ಕೂಡುವ ಸ್ವಿಚ್) ಎರಡು ಬ್ಯಾಟರಿಗಳನ್ನು ಕೂಡಿಸಲು ನಡೆಯುತ್ತದೆಯೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ.

ಇಲ್ಲಿ ಬೇಕಿರುವುದು ಬಹಳ ಹೊತ್ತು ಕೂಡಿಕೊಂಡೇ ಇರಬಲ್ಲ, ನಿರಂತರ ಬಳಕೆಯ ಸೊಲೆನಾಯ್ಡ್. ನೋಡಲು ಎರಡೂ ಒಂದೇ ಅಚ್ಚಿನವು. ಒಳಗಿನ ಸುರುಳಿ ಬೇರೆ. ಸ್ಟಾರ್ಟರಿನದು ಕೆಲವೇ ಸೆಕೆಂಡು ಎಳೆದು ಹಿಡಿಯಲು ಮಾಡಿದ್ದು. ಕೊಳ್ಳುವ ಮುನ್ನ ಮಲ್ಟಿಮೀಟರಿನ ಮೊನೆಗಳನ್ನು ಎರಡು ಸಣ್ಣ ತಿರುಪುಗಳಿಗೆ ಮುಟ್ಟಿಸಿ. ಸಣ್ಣದು ಒಂದೇ ಇದ್ದರೆ ಇನ್ನೊಂದು ಮೊನೆ ಲೋಹದ ಮೈಗೆ. 4 ಓಮ್ ತೋರಿಸಿದರೆ ಅದು 3 ಆಂಪಿಯರ್ ಎಳೆಯುತ್ತದೆ, ಅಂದರೆ 36 ವಾಟ್ ಶಾಖ ಬಿಡುವಿಲ್ಲದೆ ಒಳಗೇ ಹುಟ್ಟುತ್ತದೆ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ ಅದು ತಾಳದು. ಮೊದಲು ವಾರ್ನಿಷ್ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಸುರುಳಿಯೇ ಹೋಗುತ್ತದೆ. ನಿರಂತರ ಬಳಕೆಯದರಲ್ಲಿ ಸಾಮಾನ್ಯವಾಗಿ 15 ಓಮ್ ಆಸುಪಾಸು ಸಿಗುತ್ತದೆ. ಶಾಖ 10 ವಾಟ್ ಹತ್ತಿರ.

ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ಆಂಪಿಯರ್ ಕ್ಷಣಿಕದ್ದಾಗಿರಬಹುದು. ನಿರಂತರ ಆಂಪಿಯರ್ ಎಷ್ಟೆಂದು ಕೇಳಿ. ಎರಡನೆಯ ಬ್ಯಾಟರಿಯಿಂದಲೂ ಎಂಜಿನ್ ಚಾಲೂ ಮಾಡುವುದಾದರೆ ಸ್ಟಾರ್ಟರ್ ಮೋಟರಿನ ಹೊರೆಯನ್ನೂ ಅದು ಹೊರಬೇಕು.

ನನಗೆ ಎಲ್ಲಕ್ಕಿಂತ ಭಯ ಪೆಟ್ರೋಲ್ ಆವಿಯದು. ಅದು ಗಾಳಿಗಿಂತ ಭಾರ, ದೋಣಿಯ ತಳದಲ್ಲೇ ಕೂರುತ್ತದೆ. ಸೊಲೆನಾಯ್ಡ್ ಕೂಡಿ ಬಿಡುವಾಗ ಹಾರುವ ಒಂದು ಕಿಡಿ ಸಾಕು. ಆದ್ದರಿಂದ ‘ಇಗ್ನಿಷನ್ ಪ್ರೊಟೆಕ್ಟೆಡ್’ (ಒಳಗಿನ ಕಿಡಿ ಹೊರಗಿನ ಆವಿಗೆ ಬೆಂಕಿ ಹಚ್ಚದಂತೆ ಮಾಡಿದ್ದು) ಎಂದು ನಮೂದಿಸಿದ ಮಾದರಿಯನ್ನೇ ಕೊಳ್ಳಿ, ದುಬಾರಿಯಾದರೂ ಸರಿ. ಎರಡೂ ಬ್ಯಾಟರಿಗಳ ಪಕ್ಕದಲ್ಲೇ ಒಂದೊಂದು ಫ್ಯೂಸ್ ಇರಲಿ.