ಚಾರ್ಟ್ ಪಕ್ಕಕ್ಕಿಡಿ, ಒಂದು ಕಾನೂನಿನ ಜಾಡು ಹಿಡಿಯಿರಿ

ಐರೋಪ್ಯ ಒಕ್ಕೂಟದ ಬಗ್ಗೆ ನನಗೆ ಬರುವ ಪ್ರಶ್ನೆಗಳು ವರ್ಷ ವರ್ಷವೂ ಅವೇ. ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಅವೇ ತಪ್ಪುಗಳು ಉತ್ತರ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುತ್ತಿವೆ. ಸದಸ್ಯ ದೇಶ ಎಷ್ಟು, ಯೂರೋ ಯಾವಾಗ ಬಂತು ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅಷ್ಟನ್ನು ನೀವೇ ಓದಿಕೊಳ್ಳಬೇಕು.

ಪ್ರಶ್ನೆ: ಎಂ.ಎ. ರಾಜ್ಯಶಾಸ್ತ್ರ ಓದುತ್ತಿದ್ದೇನೆ. ಊರು ಕೊಡಗು, ಮನೆಯಲ್ಲಿ ಕಾಫಿ ತೋಟ ಇದೆ. ಒಕ್ಕೂಟದ ಏಳು ಸಂಸ್ಥೆಗಳ ಹೆಸರು, ಕೆಲಸ ಎಲ್ಲ ಬಾಯಿಪಾಠ ಆಗಿದೆ. ಆದರೂ ‘ಯುರೋಪ್ ಕಾಫಿ ನಿಯಮ ಮುಂದೂಡಿತು’ ಎಂದು ಪೇಪರಿನಲ್ಲಿ ಬಂದರೆ, ಮುಂದೂಡಿದ್ದು ಯಾರು ಅಂತ ಗೊತ್ತಾಗುವುದಿಲ್ಲ. ಯಾವ ಪುಸ್ತಕ ಓದಲಿ?

ಪುಸ್ತಕ ಆಮೇಲೆ. ನಿಮ್ಮ ಮನೆಯ ಕಣದಲ್ಲಿ ಒಣಗುವ ಕಾಫಿಯೇ ಸದ್ಯಕ್ಕೆ ನಿಮ್ಮ ಪಠ್ಯ.

ಏಳು ಚೌಕ ಬರೆದು ನಡುವೆ ಬಾಣ ಎಳೆದ ಚಾರ್ಟ್ ಇದೆಯಲ್ಲ, ಅದನ್ನು ಪಕ್ಕಕ್ಕಿಡಿ. ಅದು ಸುಳ್ಳಲ್ಲ. ಆದರೆ ಅದರಲ್ಲಿ ಜಗಳ ಕಾಣುವುದಿಲ್ಲ, ಜಗಳ ಕಾಣದೆ ರಾಜಕೀಯ ಅರ್ಥವಾಗುವುದಿಲ್ಲ. ಒಂದೇ ಒಂದು ಕಾನೂನು ಆರಿಸಿಕೊಳ್ಳಿ. ಅದು ಹುಟ್ಟಿದ ದಿನದಿಂದ ಅದರ ಹಿಂದೆಯೇ ಹೋಗಿ.

ನಿಮಗೆ ಬೇಕಾದದ್ದು ಅರಣ್ಯನಾಶ ತಡೆ ನಿಯಮ, ಸಂಖ್ಯೆ 2023/1115. ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ಕೋಕೋ, ಸೋಯಾ ಮುಂತಾದವು ಒಕ್ಕೂಟದ ಮಾರುಕಟ್ಟೆಗೆ ಬರಬಾರದು ಎನ್ನುವುದು ಇದರ ಸಾರ. ಇಂಥ ಕಾನೂನಿನ ಕರಡು ತರುವ ಹಕ್ಕು ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಆಯೋಗಕ್ಕೆ ಮಾತ್ರ ಇದೆ. ಜನ ನೇರವಾಗಿ ಆರಿಸುವ ಯುರೋಪಿಯನ್ ಪಾರ್ಲಿಮೆಂಟ್ ಬೇಕಾದರೆ ‘ತನ್ನಿ’ ಎಂದು ಕೇಳಬಹುದು. ಇಲ್ಲೂ ಹಾಗೇ ಆಯಿತು. 2020ರ ಅಕ್ಟೋಬರಿನಲ್ಲಿ ಪಾರ್ಲಿಮೆಂಟ್ ಕೇಳಿತು, 2021ರ ನವೆಂಬರ್ 17ರಂದು ಆಯೋಗ ಕರಡು ಮುಂದಿಟ್ಟಿತು.

ಆ ಕರಡಿನಲ್ಲಿ ಆರು ಸರಕುಗಳಿದ್ದವು: ದನ, ಕೋಕೋ, ಕಾಫಿ, ತಾಳೆ ಎಣ್ಣೆ, ಸೋಯಾ, ಮರ. ಅಂತಿಮ ಕಾನೂನಿನಲ್ಲಿ ಏಳಿವೆ. ಏಳನೆಯದು ರಬ್ಬರ್. ರಬ್ಬರ್ ಬೇಕು ಎಂದು ಕೇಳಿದ್ದು ಪಾರ್ಲಿಮೆಂಟ್. ಅದು ಮೆಕ್ಕೆಜೋಳ, ಹಂದಿ, ಕೋಳಿಯನ್ನೂ ಕೇಳಿತ್ತು. ಅವು ಸಿಗಲಿಲ್ಲ.

ಈಗ ತಾರೀಕು ನೋಡಿ. ಯಾವತ್ತಿನ ನಂತರ ಕಡಿದ ಕಾಡು ಲೆಕ್ಕಕ್ಕೆ ಬರಬೇಕು? 2020ರ ಡಿಸೆಂಬರ್ 31 ಎಂದು ಆಯೋಗ ಹೇಳಿತು. ಪಾರ್ಲಿಮೆಂಟ್ ಅದನ್ನು ಒಂದು ವರ್ಷ ಹಿಂದಕ್ಕೆ, 2019ಕ್ಕೆ ಎಳೆಯಿತು. ಸದಸ್ಯ ದೇಶಗಳ ಮಂತ್ರಿಗಳು ಕೂರುವ ಕೌನ್ಸಿಲ್ ಒಂದು ವರ್ಷ ಮುಂದಕ್ಕೆ, 2021ಕ್ಕೆ ತಳ್ಳಿತು. ಕೊನೆಗೆ ನಿಂತದ್ದು 2020ರಲ್ಲೇ. ಮೂರು ಸಂಸ್ಥೆ, ಮೂರು ತಾರೀಕು. ಯಾರು ಯಾರ ಮಾತಿಗೆ ಕಿವಿಗೊಡುತ್ತಾರೆ ಎಂಬುದು ಇದರಲ್ಲೇ ಕಾಣುತ್ತದೆ. ನೇರವಾಗಿ ಆಯ್ಕೆಯಾದ ಸದಸ್ಯರು ಆಗ ಕಾಡಿನ ಪರ ಜಾಸ್ತಿ ಬಿಗಿ ಹಿಡಿದರು. ಮಂತ್ರಿಗಳು ತಮ್ಮ ದೇಶದ ಕಂಪನಿ, ರೈತರ ಚಿಂತೆಯನ್ನು ಹೊತ್ತು ತಂದರು.

ಈ ಹಗ್ಗಜಗ್ಗಾಟ ಮುಗಿದದ್ದು ಟ್ರಯಲಾಗ್ ಎಂಬ ಮುಚ್ಚಿದ ಕೋಣೆಯ ಮಾತುಕತೆಯಲ್ಲಿ, 2022ರ ಡಿಸೆಂಬರ್ 6ರಂದು. ಟ್ರಯಲಾಗ್‌ನಲ್ಲಿ ನಾಲ್ಕು ಕಾಲಮ್ಮಿನ ಒಂದು ಕಡತ ಇರುತ್ತದೆ. ಮೊದಲ ಮೂರು ಕಾಲಮ್ಮಿನಲ್ಲಿ ಆಯೋಗ, ಪಾರ್ಲಿಮೆಂಟ್, ಕೌನ್ಸಿಲ್ ಹೇಳಿದ್ದು, ನಾಲ್ಕನೆಯದರಲ್ಲಿ ರಾಜಿಯಾದದ್ದು. ಅಂಥ ಒಂದು ಕಡತ ಸಿಕ್ಕಿದರೆ ಬಿಡಬೇಡಿ. ಹತ್ತು ನೋಟ್ಸ್ ಕಲಿಸದ್ದನ್ನು ಅದು ಕಲಿಸುತ್ತದೆ.

2023ರ ಏಪ್ರಿಲ್ 19ರಂದು ಪಾರ್ಲಿಮೆಂಟ್ 552 ಮತಗಳಿಂದ ಒಪ್ಪಿತು, ವಿರೋಧ 44. ಜೂನ್ 29ರಂದು ನಿಯಮ ಜಾರಿಗೆ ಬಂತು. ಕಂಪನಿಗಳು ಪಾಲಿಸಬೇಕಾದ್ದು 2024ರ ಡಿಸೆಂಬರ್ 30ರಿಂದ.

ಇನ್ನು ನೀವು ಕೇಳಿದ ಮುಂದೂಡಿಕೆ. 2024ರ ಜೂನಿನಲ್ಲಿ ಚುನಾವಣೆ ಆಯಿತು, ಪಾರ್ಲಿಮೆಂಟ್ ಬಲಕ್ಕೆ ವಾಲಿತು. ಅಕ್ಟೋಬರಿನಲ್ಲಿ ಆಯೋಗ ‘ಒಂದು ವರ್ಷ ಮುಂದೂಡೋಣ’ ಎಂದು ತಿದ್ದುಪಡಿ ತಂದಿತು. ನವೆಂಬರ್ 14ರಂದು ಪಾರ್ಲಿಮೆಂಟ್ ಅದಕ್ಕೆ ಇನ್ನೊಂದು ಗಂಟು ಹಾಕಿತು: ಅರಣ್ಯನಾಶದ ‘ಅಪಾಯವೇ ಇಲ್ಲದ ದೇಶ’ ಎಂಬ ಹೊಸ ವರ್ಗ ಬೇಕು. ಕೌನ್ಸಿಲ್ ಒಪ್ಪಲಿಲ್ಲ. ಡಿಸೆಂಬರಿನಲ್ಲಿ ಆ ಗಂಟು ಬಿಚ್ಚಿಕೊಂಡಿತು, ಒಂದು ವರ್ಷದ ಮುಂದೂಡಿಕೆ ಮಾತ್ರ ಉಳಿಯಿತು. ಮರುವರ್ಷ ಇನ್ನೊಮ್ಮೆ ಮುಂದೂಡಿಕೆ. 2025ರ ಡಿಸೆಂಬರಿನಲ್ಲಿ ಒಪ್ಪಿದ ಪ್ರಕಾರ ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣವರಿಗೆ 2027ರ ಜೂನ್ 30.

ಗಮನಿಸಿ, ಹಿಂದೆ ಕಾಡಿನ ಪರ ಬಿಗಿ ಹಿಡಿದ ಅದೇ ಪಾರ್ಲಿಮೆಂಟ್ ಈಗ ಸಡಿಲ ಮಾಡಲು ಹೊರಟಿತು. ಸಂಸ್ಥೆ ಅದೇ, ಒಳಗೆ ಕೂತವರು ಬದಲಾದರು. ಚಾರ್ಟ್ ಇದನ್ನು ಯಾವತ್ತೂ ಹೇಳುವುದಿಲ್ಲ. ಇನ್ನೊಂದು ವಿಷಯ. ಮೊದಲ ಸುತ್ತಿನಲ್ಲಿ ಪಾರ್ಲಿಮೆಂಟಿನ ಪರವಾಗಿ ಮಾತುಕತೆ ನಡೆಸಿದವರು ಲಕ್ಸೆಂಬರ್ಗ್‌ನ ಕ್ರಿಸ್ಟೋಫ್ ಹಾನ್ಸೆನ್. 2024ರ ಡಿಸೆಂಬರಿನಿಂದ ಅವರೇ ಆಯೋಗದ ಕೃಷಿ ಕಮಿಷನರ್. ಒಬ್ಬರೇ ವ್ಯಕ್ತಿ ಎರಡು ಸಂಸ್ಥೆಯಲ್ಲಿ ಕೂತಾಗ ಮಾತು ಹೇಗೆ ಬದಲಾಗುತ್ತದೆ ಎಂದು ನೋಡಿ. ಒಂದು ಪ್ರಬಂಧಕ್ಕೆ ಸಾಕಾಗುವಷ್ಟು ವಿಷಯ ಅದರಲ್ಲಿದೆ.

ಇದಕ್ಕೆಲ್ಲ ದುಡ್ಡು ಕೊಡಬೇಕಿಲ್ಲ. ಒಕ್ಕೂಟದ ಕಾನೂನುಗಳ ತಾಣ ಯೂರ್-ಲೆಕ್ಸ್ ಉಚಿತ. ಪಾರ್ಲಿಮೆಂಟಿನ ಕಡತ ತಾಣದಲ್ಲಿ 2021/0366 ಎಂದು ಹುಡುಕಿ. ಕರಡಿನಿಂದ ಕೊನೆಯ ಮತದವರೆಗೆ ಸಾಲಾಗಿ ಸಿಗುತ್ತದೆ. ‘ಮೂರೇ ದಿನದಲ್ಲಿ ಐರೋಪ್ಯ ಒಕ್ಕೂಟ’ ಎಂದು ನೋಟ್ಸ್ ಮಾರುವವರನ್ನು ದಯವಿಟ್ಟು ದೂರ ಇಡಿ. ಅಂಥ ಒಂದು ನೋಟ್ಸಿನಲ್ಲಿ ಪಾರ್ಲಿಮೆಂಟೇ ಕರಡು ಮಂಡಿಸುತ್ತದೆ ಎಂದು ಬರೆದಿತ್ತು. ಅದನ್ನೇ ನಂಬಿ ಉತ್ತರ ಬರೆದವರು ಅಂಕ ಕಳೆದುಕೊಂಡರು. ನನಗೆ ಅವರ ಮೇಲೆ ಸಿಟ್ಟಿಲ್ಲ, ಮಾರಿದವರ ಮೇಲಿದೆ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಆಯೋಗದ ಪತ್ರಿಕಾ ಪ್ರಕಟಣೆ ಕಾನೂನಲ್ಲ, ಟ್ರಯಲಾಗ್ ಮುಗಿದ ಸುದ್ದಿಯೂ ಕಾನೂನಲ್ಲ. ಅಧಿಕೃತ ಗೆಜೆಟ್ಟಿನಲ್ಲಿ ಬಂದ ಮೇಲೆ ಮಾತ್ರ ‘ಕಾನೂನು’ ಎಂದು ಬರೆಯಿರಿ. ಬಹಳ ಹಿಂದೆ ಒಂದು ಕರಡನ್ನು ನಾನೇ ಕಾನೂನು ಎಂದು ತರಗತಿಯಲ್ಲಿ ಹೇಳಿಬಿಟ್ಟಿದ್ದೆ. ಅಂತಿಮ ರೂಪ ಬೇರೆಯೇ ಆಗಿತ್ತು. ಮಕ್ಕಳ ಮುಂದೆ ತಿದ್ದಿಕೊಂಡೆ. ಅಂದಿನಿಂದ ತಾರೀಕು ನೋಡದೆ ಒಂದು ಸಾಲೂ ಬರೆದಿಲ್ಲ.

ನಿಮ್ಮ ಅಪ್ಪನಿಗೂ ಒಂದು ಮಾತು ಹೇಳಿ. ‘ಯುರೋಪ್ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇವೆ’ ಎಂದು ಯಾರಾದರೂ ತೋಟಕ್ಕೆ ಬಂದರೆ ದುಡ್ಡು ಕೊಡುವುದು ಬೇಡ. ಒಕ್ಕೂಟ ಬೆಳೆಗಾರರಿಗೆ ಅಂಥ ಸರ್ಟಿಫಿಕೇಟ್ ಕೊಡುವುದೇ ಇಲ್ಲ. ಸರಕನ್ನು ಅಲ್ಲಿನ ಮಾರುಕಟ್ಟೆಗೆ ಇಳಿಸುವ ಕಂಪನಿ ಘೋಷಣೆ ಸಲ್ಲಿಸಬೇಕು. ಅದಕ್ಕೆ ತೋಟದ ಜಾಗದ ನಿಖರ ಗುರುತು ಬೇಕಾಗುತ್ತದೆ. ಅನುಮಾನ ಇದ್ದರೆ ಕಾಫಿ ಮಂಡಳಿಯಲ್ಲೇ ಕೇಳಿ.

ಪ್ರಶ್ನೆ: ಯುರೋಪಿಯನ್ ಕೌನ್ಸಿಲ್, ಕೌನ್ಸಿಲ್, ಕೌನ್ಸಿಲ್ ಆಫ್ ಯುರೋಪ್ ಮೂರೂ ಒಂದೇ ಅಲ್ವಾ?

ಅಲ್ಲ. ಮೊದಲನೆಯದು ದೇಶಗಳ ನಾಯಕರದು, ಎರಡನೆಯದು ಮಂತ್ರಿಗಳದು. ಮೂರನೆಯದು ಒಕ್ಕೂಟಕ್ಕೆ ಸೇರಿದ್ದೇ ಅಲ್ಲ. ಅದು 1949ರಲ್ಲಿ ಹುಟ್ಟಿದ 46 ದೇಶಗಳ ಬೇರೆ ಸಂಸ್ಥೆ. ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕು ನ್ಯಾಯಾಲಯ ಅದರದು.

ಪ್ರಶ್ನೆ: ಬ್ರಸೆಲ್ಸ್‌ನ ಅಧಿಕಾರಿಗಳು ಯಾರಿಗೂ ಉತ್ತರ ಕೊಡಬೇಕಿಲ್ಲವಂತೆ, ನಿಜವಾ?

ಸುಳ್ಳು. 1999ರ ಮಾರ್ಚಿನಲ್ಲಿ ಅಧ್ಯಕ್ಷ ಜಾಕ್ ಸಾಂಟರ್ ಅವರ ಇಡೀ ಆಯೋಗ ರಾಜೀನಾಮೆ ಕೊಟ್ಟಿತು. ಪಾರ್ಲಿಮೆಂಟ್ ಕಿತ್ತುಹಾಕುವುದು ಖಚಿತ ಎಂದು ಗೊತ್ತಾದ ಮೇಲೆಯೇ ಅವರು ಎದ್ದು ಹೋದದ್ದು.

ಪ್ರಶ್ನೆ: ಡೊಂಕು ಬಾಳೆಹಣ್ಣು ನಿಷೇಧಿಸಿದ್ದಾರಂತೆ?

ಇಲ್ಲ. 1994ರ ನಿಯಮ ದರ್ಜೆ ಗೊತ್ತು ಮಾಡುವುದಕ್ಕೆ ಬಂದದ್ದು. ಈ ಪ್ರಶ್ನೆ ಇನ್ನು ಮುಂದೆ ಬೇಡ.

ಪ್ರಶ್ನೆ: ವಿಶ್ವಸಂಸ್ಥೆಯೂ ಅಧಿರಾಷ್ಟ್ರೀಯ ಸರ್ಕಾರವೇ?

ಅಲ್ಲ. ಅಧಿರಾಷ್ಟ್ರೀಯ ಎಂದರೆ ಸದಸ್ಯ ದೇಶಗಳಿಗಿಂತ ಮೇಲಿನ ಅಧಿಕಾರ. ಮಿಲಾನಿನ ಒಬ್ಬರು ಕರೆಂಟ್ ಬಿಲ್ ಕಟ್ಟಲು ಒಪ್ಪದೆ ಹೋದ ಕೇಸಿನಲ್ಲಿ, 1964ರಲ್ಲಿ, ಒಕ್ಕೂಟದ ಆಗಿನ ರೂಪದ ಕಾನೂನು ದೇಶದ ಕಾನೂನಿಗಿಂತ ಮೇಲು ಎಂದು ಲಕ್ಸೆಂಬರ್ಗ್‌ನಲ್ಲಿರುವ ಒಕ್ಕೂಟದ ನ್ಯಾಯಾಲಯ ತೀರ್ಪು ಕೊಟ್ಟಿತು. ವಿಶ್ವಸಂಸ್ಥೆಯ ಮಹಾಸಭೆಯ ನಿರ್ಣಯ ತೋರಿಸಿ ನೀವು ಹಾಗೆ ಕೇಸು ಗೆಲ್ಲಲಾರಿರಿ.

ಪ್ರಶ್ನೆ: ಸಾರ್ಕ್ ಯಾವಾಗ ಒಕ್ಕೂಟದಂತೆ ಆಗುತ್ತದೆ?

2014ರ ಕಠ್ಮಂಡು ಸಭೆಯ ನಂತರ ಅದರ ಶೃಂಗಸಭೆಯೇ ನಡೆದಿಲ್ಲ. ಸಾರ್ಕ್ ಸನ್ನದಿನ ಪ್ರಕಾರ ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ, ಎರಡು ದೇಶಗಳ ನಡುವಿನ ವಿವಾದ ಚರ್ಚೆಗೇ ಬರುವಂತಿಲ್ಲ. ಮೊದಲು ಆ ಸನ್ನದು ಓದಿ, ಆಮೇಲೆ ಹೋಲಿಸಿ.