ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ಕಂಪ್ಯೂಟರನ್ನು ಕೊಂಡ ದಿನದ ಸ್ಥಿತಿಗೆ ತರುವ ಮುನ್ನ

ಪ್ರಶ್ನೆ: 2011ರಲ್ಲಿ ಮಗನ ಓದಿಗೆಂದು ಕೊಂಡ ಡೆಸ್ಕ್‌ಟಾಪ್ ಕಂಪ್ಯೂಟರ್ ಇನ್ನೂ ನಮ್ಮ ಮನೆಯಲ್ಲಿದೆ. ಅದು ಅಂಗಡಿಯಲ್ಲಿ ಬಿಡಿಭಾಗ ಜೋಡಿಸಿ ಮಾಡಿಸಿದ್ದಲ್ಲ, ಕಂಪನಿಯದೇ. ವಿಂಡೋಸ್ 7 ಅದರ ಜೊತೆಗೇ ಬಂದಿತ್ತು. ಈಗ ಸ್ವಿಚ್ ಹಾಕಿ ಹತ್ತು ನಿಮಿಷ ಕಾಯದೆ ಯಾವ ಕೆಲಸವೂ ಆಗುವುದಿಲ್ಲ. ಅಂಗಡಿಯವರು ‘ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿಕೊಡುತ್ತೇವೆ’ ಎನ್ನುತ್ತಾರೆ. ಸಿ.ಡಿ. ಏನೂ ಇಲ್ಲದೆಯೇ ಅದನ್ನು ಕಾರ್ಖಾನೆಯಿಂದ ಬಂದಾಗಿನ ಸ್ಥಿತಿಗೆ ತರಬಹುದೆಂದು ಬೆಂಗಳೂರಿನಲ್ಲಿರುವ ಮಗ ಹೇಳುತ್ತಾನೆ. ಯಾರ ಮಾತು ಕೇಳಲಿ? ನನಗೆ ಬೇಕಾದದ್ದು ಕನ್ನಡ ಬರವಣಿಗೆ, ಪಿಂಚಣಿಯ ಕಾಗದಪತ್ರ ಮತ್ತು ಸ್ವಲ್ಪ ಇಂಟರ್ನೆಟ್, ಅಷ್ಟೇ.
– ನಿವೃತ್ತ ಮುಖ್ಯೋಪಾಧ್ಯಾಯರು, ಮಾಳಮಡ್ಡಿ, ಧಾರವಾಡ

ಉತ್ತರ: ತಮ್ಮ ಮಗನ ಮಾತು ನಿಜ. ಆದರೆ ಅದರಿಂದ ತಾವು ಬಯಸಿದ್ದೆಲ್ಲ ಸಿಗುವುದಿಲ್ಲ.

ಕಂಪನಿಯ ಕಂಪ್ಯೂಟರುಗಳಲ್ಲಿ ಹಾರ್ಡ್ ಡಿಸ್ಕಿನ ಒಂದು ಭಾಗವನ್ನು ಪ್ರತ್ಯೇಕವಾಗಿ ಇಟ್ಟು, ಅದರೊಳಗೆ ವಿಂಡೋಸ್, ಆ ಯಂತ್ರದ ಬಿಡಿಭಾಗಗಳನ್ನು ನಡೆಸುವ ಡ್ರೈವರುಗಳು ಮತ್ತು ಕಂಪನಿ ಕೊಟ್ಟ ಪ್ರೋಗ್ರಾಮುಗಳ ಪೂರ್ಣ ಪ್ರತಿಯನ್ನು ತುಂಬಿರುತ್ತಾರೆ. ಇದಕ್ಕೆ ರಿಕವರಿ ಪಾರ್ಟಿಷನ್ ಎನ್ನುತ್ತಾರೆ. ತಮ್ಮಲ್ಲಿ ಅದು ಉಳಿದಿದೆಯೇ ಎಂದು ನೋಡಲು ಡೆಸ್ಕ್‌ಟಾಪಿನ ‘ಕಂಪ್ಯೂಟರ್’ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಮ್ಯಾನೇಜ್’ ಆರಿಸಿ, ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಬೇಕು. ಹತ್ತು ಜಿ.ಬಿ.ಗಿಂತ ಹೆಚ್ಚಿನ, ‘ರಿಕವರಿ’ ಎಂಬ ಹೆಸರಿನ ಭಾಗ ಕಂಡರೆ ಅದೇ ನಿಮಗೆ ಬೇಕಾದದ್ದು. ಕೇವಲ 100 ಎಂ.ಬಿ.ಯ ‘ಸಿಸ್ಟಮ್ ರಿಸರ್ವ್ಡ್’ ಎಂಬುದು ವಿಂಡೋಸ್ 7 ತನ್ನ ಆರಂಭಕ್ಕೆಂದು ಇಟ್ಟುಕೊಳ್ಳುವ ಜಾಗ. ಅದನ್ನು ಕಂಡು ಮೋಸಹೋಗಬಾರದು. ಹಿಂದೆ ಯಾವಾಗಲಾದರೂ ಇಡೀ ಡಿಸ್ಕನ್ನು ಫಾರ್ಮ್ಯಾಟ್ ಮಾಡಿಸಿದ್ದರೆ ರಿಕವರಿ ಭಾಗ ಅಂದೇ ಅಳಿದುಹೋಗಿರುತ್ತದೆ. ಜೋಡಿಸಿ ಮಾಡಿಸಿದ ಯಂತ್ರಗಳಲ್ಲಂತೂ ಅದು ಮೊದಲಿನಿಂದಲೂ ಇರುವುದಿಲ್ಲ.

ಈ ಪ್ರತಿಗೆ ಇನ್ನೊಂದು ಬೆಲೆಯಿದೆ. ಇದು ಬಯಾಸಿನಲ್ಲಿ, ಅಂದರೆ ಸ್ವಿಚ್ ಹಾಕಿದೊಡನೆ ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶದಲ್ಲಿ, ಇರುವ ಕಂಪನಿಯ ಗುರುತನ್ನು ನೋಡಿ, ಯಾವ ಸಂಖ್ಯೆಯನ್ನೂ ಕೇಳದೆ ಅಸಲಿ ವಿಂಡೋಸಾಗಿ ಸಕ್ರಿಯವಾಗುತ್ತದೆ. ಅಂಗಡಿಯವರು ಹಾಕಿಕೊಡುವ ‘ಹೊಸ ವಿಂಡೋಸ್’ ಅಸಲಿಯೇ ಎಂದು ಕೇಳಿ ನೋಡಿ; ಉತ್ತರ ತಡವರಿಸಿದರೆ ಅರ್ಥ ಮಾಡಿಕೊಳ್ಳಿ. ದುಡ್ಡು ಕೊಟ್ಟು ಕೊಂಡ ಪರವಾನಗಿಯನ್ನು ಅಳಿಸಿ ಕಳ್ಳ ಪ್ರತಿಯನ್ನು ಹಾಕಿಸಿಕೊಳ್ಳುವ ಪದ್ಧತಿ ನಮ್ಮಲ್ಲಿ ಎಷ್ಟು ಸಹಜವಾಗಿದೆಯೆಂದರೆ ಅದನ್ನು ಯಾರೂ ನಷ್ಟವೆಂದು ಎಣಿಸುವುದೇ ಇಲ್ಲ. ಕ್ಯಾಬಿನೆಟ್ಟಿನ ಬದಿಗೆ ಅಂಟಿಸಿದ, 25 ಅಕ್ಷರಗಳ ಸಂಖ್ಯೆಯುಳ್ಳ ಚೀಟಿ ಮಸುಕಾಗುವ ಮೊದಲೇ ಅದರ ಫೋಟೊ ತೆಗೆದಿಟ್ಟುಕೊಳ್ಳಿ.

ರಿಕವರಿಯನ್ನು ಆರಂಭಿಸುವ ಕೀ ಕಂಪನಿಯಿಂದ ಕಂಪನಿಗೆ ಬೇರೆ. ಸ್ವಿಚ್ ಹಾಕಿದ ಕೂಡಲೇ, ವಿಂಡೋಸಿನ ಚಿಹ್ನೆ ಮೂಡುವ ಮೊದಲು, ಎಚ್‌ಪಿಯಲ್ಲಿ ಎಫ್ 11, ಏಸರ್‌ನಲ್ಲಿ ಆಲ್ಟ್ ಜೊತೆಗೆ ಎಫ್ 10, ಏಸಸ್ ಲ್ಯಾಪ್‌ಟಾಪಿನಲ್ಲಿ ಎಫ್ 9 ಒತ್ತುತ್ತ ಹೋಗಬೇಕು. ವಿಂಡೋಸ್ 7 ಇರುವ ಡೆಲ್‌ನಲ್ಲಿ ಎಫ್ 8 ಒತ್ತಿ ‘ರಿಪೇರ್ ಯುವರ್ ಕಂಪ್ಯೂಟರ್’ ಆರಿಸಬೇಕು. ಲೆನೊವೊದ ಹಲವು ಲ್ಯಾಪ್‌ಟಾಪುಗಳಲ್ಲಿ ಪವರ್ ಬಟನ್ನಿನ ಪಕ್ಕದಲ್ಲಿ ಇದಕ್ಕೆಂದೇ ಒಂದು ಚಿಕ್ಕ ಗುಂಡಿ ಇರುತ್ತದೆ.

ಆದರೆ ಕೀ ಒತ್ತುವ ಅವಸರ ಬೇಡ. ಮೊದಲು ಕಡತಗಳನ್ನು ಹೊರಗೆ ತೆಗೆಯಬೇಕು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಂದು ಕಾಣುವುದೆಲ್ಲ ಸಾಮಾನ್ಯವಾಗಿ ಸಿ ಡ್ರೈವಿನಲ್ಲಿಯೇ ಇರುತ್ತದೆ ಮತ್ತು ಅದೆಲ್ಲವೂ ಅಳಿಯುತ್ತದೆ. ‘ಡಿ ಡ್ರೈವಿನಲ್ಲಿಟ್ಟಿದ್ದೇನೆ, ಚಿಂತೆಯಿಲ್ಲ’ ಎಂಬ ಧೈರ್ಯವೂ ಬೇಡ. ಕೆಲವು ಕಂಪನಿಗಳ ರಿಕವರಿ ಇಡೀ ಡಿಸ್ಕನ್ನು ಮೂಲದ ಹಂಚಿಕೆಗೇ ತಂದುಬಿಡುತ್ತದೆ, ಆಮೇಲೆ ಮಾಡಿಸಿಕೊಂಡ ಡಿ ಡ್ರೈವ್ ಅದರಲ್ಲಿ ಉಳಿಯುವುದಿಲ್ಲ. ಪೆನ್ ಡ್ರೈವಿಗೆ ಪ್ರತಿ ಮಾಡುವಾಗ ಮದುವೆಯ ವಿಡಿಯೊದಂಥ ದೊಡ್ಡ ಕಡತವೊಂದು ‘ಕಡತ ತೀರ ದೊಡ್ಡದು’ ಎಂದು ಹಟ ಹಿಡಿಯಬಹುದು. ಪೆನ್ ಡ್ರೈವ್ ಖಾಲಿಯಿದ್ದರೂ ಹೀಗಾಗುವುದಕ್ಕೆ ಕಾರಣ, ಫ್ಯಾಟ್ 32 ಎಂಬ ಹಳೆಯ ವಿಧಾನದಲ್ಲಿ ಒಂದು ಕಡತ 4 ಜಿ.ಬಿ. ಮೀರುವಂತಿಲ್ಲ. ಪೆನ್ ಡ್ರೈವಿನಲ್ಲಿ ಬೇರೇನೂ ಇಲ್ಲದಿದ್ದರೆ ಅದನ್ನು ಎನ್‌ಟಿಎಫ್‌ಎಸ್ ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿದರೆ ತೊಡಕು ತೀರುತ್ತದೆ. ಪ್ರತಿ ಮಾಡಿದ ಮೇಲೆ ಪೆನ್ ಡ್ರೈವನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ, ನಾಲ್ಕಾರು ಕಡತಗಳನ್ನು ನಿಜವಾಗಿ ತೆರೆದು ನೋಡುವ ತನಕ ಕೆಲಸ ಮುಗಿಯಿತೆಂದು ತಿಳಿಯಬೇಡಿ.

ಡಿಸ್ಕಿನ ಸದ್ದನ್ನೂ ಗಮನಿಸಿ. ಒಳಗಿನಿಂದ ಟಕ್ ಟಕ್ ಎಂಬ ಶಬ್ದ ಒಂದೇ ಲಯದಲ್ಲಿ ಬರುತ್ತಿದ್ದರೆ ರಿಕವರಿಯ ಮಾತೇ ಬೇಡ. ಅಂಥ ಡಿಸ್ಕಿನ ಮೇಲೆ ಹತ್ತಾರು ಜಿ.ಬಿ. ಬರೆಯಹೊರಟರೆ ಉಳಿದದ್ದೂ ಹೋಗುತ್ತದೆ. ಇನ್ನು ಕರೆಂಟಿನ ವಿಚಾರ. ಹಳೆಯ ಯಂತ್ರದಲ್ಲಿ ರಿಕವರಿಗೆ ಒಂದೆರಡು ಗಂಟೆ ಹಿಡಿಯಬಹುದು. ನಡುವೆ ಕರೆಂಟ್ ಹೋದರೆ ಹಳೆಯ ವಿಂಡೋಸೂ ಇಲ್ಲ, ಹೊಸದೂ ಇಲ್ಲ ಎಂಬಂತಾಗುತ್ತದೆ. ಮನೆಯಲ್ಲಿ ಯು.ಪಿ.ಎಸ್. ಇದ್ದರೂ ವರ್ಷಗಟ್ಟಲೆ ಮೂಲೆಯಲ್ಲಿದ್ದ ಅದರ ಬ್ಯಾಟರಿಯನ್ನು ನಂಬಬೇಡಿ. ಮಾನಿಟರ್ ಒಂದನ್ನೇ ಅದಕ್ಕೆ ಜೋಡಿಸಿ, ಗೋಡೆಯ ಸ್ವಿಚ್ ಆರಿಸಿ, ಎಷ್ಟು ಹೊತ್ತು ತಡೆಯುತ್ತದೆಂದು ನೋಡಿಕೊಳ್ಳಿ. ಮುಂಗಾರಿನ ಗುಡುಗು-ಮಿಂಚಿನ ಸಂಜೆಗಿಂತ ಬೆಳಗಿನ ಹೊತ್ತು ಲೇಸು.

ಇಷ್ಟೆಲ್ಲ ಮಾಡಿದ ಮೇಲೆ ತಮಗೆ ಸಿಗುವುದು 2011ರ ಕಂಪ್ಯೂಟರ್ ಎಂಬುದನ್ನು ಮರೆಯಬಾರದು. ಅದರಲ್ಲಿರುವ ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ಇಂದಿನ ಬ್ಯಾಂಕುಗಳ ಮತ್ತು ಸರಕಾರದ ಜಾಲತಾಣಗಳು ಸರಿಯಾಗಿ ತೆರೆಯುವುದಿಲ್ಲ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಭದ್ರತಾ ತಿದ್ದುಪಡಿಗಳು 2020ರ ಜನವರಿ 14ಕ್ಕೆ ನಿಂತವು. ಕ್ರೋಮ್ ಬ್ರೌಸರಿನ 109ನೆಯ ಆವೃತ್ತಿಯೇ ಅದರಲ್ಲಿ ನಡೆಯುವ ಕೊನೆಯದು. ಹಿಂದೆ ಬಂದಿದ್ದ ತಿದ್ದುಪಡಿಗಳನ್ನಾದರೂ ಹಾಕಿಕೊಳ್ಳೋಣವೆಂದರೆ ಅದೂ ಸಲೀಸಲ್ಲ. ಅವುಗಳ ಅಸಲಿತನವನ್ನು ಪರೀಕ್ಷಿಸುವ ಸಹಿಯ ವಿಧಾನವನ್ನು ಮೈಕ್ರೋಸಾಫ್ಟ್ 2019ರಲ್ಲಿ ಬದಲಿಸಿತು. ಹೊಸ ಸಹಿಯನ್ನು ಓದುವ ತಿದ್ದುಪಡಿಯನ್ನು ಕೈಯಾರೆ ಹಾಕದ ಹೊರತು, ಕಾರ್ಖಾನೆಯ ಸ್ಥಿತಿಯಲ್ಲಿರುವ ವಿಂಡೋಸ್ 7 ಉಳಿದವನ್ನು ಸ್ವೀಕರಿಸುವುದಿಲ್ಲ.

ಆದ್ದರಿಂದ ಬರವಣಿಗೆಗೆ, ಹಳೆಯ ಪ್ರಿಂಟರ್, ಸ್ಕ್ಯಾನರುಗಳಿಗೆ, ಇಂಟರ್ನೆಟ್ಟಿನ ಹಂಗಿಲ್ಲದ ಕೆಲಸಕ್ಕೆ ಕಾರ್ಖಾನೆಯ ಸ್ಥಿತಿ ಒಳ್ಳೆಯದೇ. ಪಿಂಚಣಿಯ ಖಾತೆಯನ್ನು ಅದರಲ್ಲಿ ತೆರೆಯುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ವಿಂಡೋಸ್ 10ಕ್ಕೂ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಕೇಳುವ ಪ್ರೊಸೆಸರ್ ಮತ್ತು ಭದ್ರತಾ ಚಿಪ್ 2011ರ ಯಂತ್ರದಲ್ಲಿ ಇರುವುದಿಲ್ಲ. ನನ್ನ ಸಲಹೆ ಹೀಗಿದೆ. ಕಂಪನಿಯ ರಿಕವರಿ ತಂತ್ರಾಂಶದಿಂದಲೇ ಡಿವಿಡಿಗಳ ಒಂದು ಸೆಟ್ ಮಾಡಿಕೊಳ್ಳಿ. ಕೆಲವು ಕಂಪನಿಗಳು ಒಂದೇ ಸೆಟ್ಟಿಗೆ ಅವಕಾಶ ಕೊಡುವುದರಿಂದ ಒಳ್ಳೆಯ ಡಿವಿಡಿಗಳನ್ನೇ ಬಳಸಿ. ಬಳಿಕ ಹಳೆಯ ಹಾರ್ಡ್ ಡಿಸ್ಕನ್ನು ಬಿಚ್ಚಿ ಕಪಾಟಿನಲ್ಲಿಟ್ಟು, ಅದರ ಜಾಗಕ್ಕೆ 240 ಜಿ.ಬಿ.ಯ ಸಾಟಾ ಎಸ್.ಎಸ್.ಡಿ. (ತಿರುಗುವ ಭಾಗಗಳಿಲ್ಲದ, ವೇಗದ ಡಿಸ್ಕ್) ಹಾಕಿಸಿ, ರ‍್ಯಾಮ್ 2 ಜಿ.ಬಿ. ಮಾತ್ರ ಇದ್ದರೆ 4ಕ್ಕೆ ಏರಿಸಿ, ವಿಂಡೋಸಿನ ಬದಲಿಗೆ ಲಿನಕ್ಸ್ ಮಿಂಟ್ ಹಾಕಿಸಿಕೊಳ್ಳಿ. ಅದಕ್ಕೆ ಬೆಲೆಯಿಲ್ಲ, ಭದ್ರತಾ ತಿದ್ದುಪಡಿಗಳು ಬರುತ್ತಿರುತ್ತವೆ, ಕೀಲಿಮಣೆಯ ಕೆ.ಜಿ.ಪಿ. ವಿನ್ಯಾಸದಲ್ಲಿ ಕನ್ನಡವನ್ನೂ ಬರೆಯಬಹುದು. ತಾವು ಹೇಳುವ ಹತ್ತು ನಿಮಿಷದ ಕಾಯುವಿಕೆಗೆ ಹೆಚ್ಚಿನ ಪಾಲು ಕಾರಣ ಆ ತಿರುಗುವ ಡಿಸ್ಕೇ ಇರಬೇಕು. ಅದನ್ನು ಉಳಿಸಿಕೊಂಡು ವಿಂಡೋಸನ್ನು ಮಾತ್ರ ಹೊಸದಾಗಿ ತುಂಬಿದರೆ ಕೆಲವು ತಿಂಗಳು ಹಗುರವೆನಿಸಿ, ಮತ್ತೆ ಮೊದಲಿನಂತೆಯೇ ಆಗುತ್ತದೆ. ಕ್ಯಾಬಿನೆಟ್ ಬಿಚ್ಚಿದ ದಿನವೇ ಪ್ರೊಸೆಸರ್ ಮೇಲಿನ ಫ್ಯಾನಿನ ಧೂಳನ್ನೂ ತೆಗೆಸಿ.

ಪ್ರಶ್ನೆ: ಪುಟವಿನ್ಯಾಸದ ಕೆಲಸ ಮಾಡುವ ನಾನು ಮನೆಯ ಕಂಪ್ಯೂಟರನ್ನು ಎಫ್ 11 ಒತ್ತಿ ಕಾರ್ಖಾನೆಯ ಸ್ಥಿತಿಗೆ ತಂದೆ. ಕಡತಗಳನ್ನು ಮೊದಲೇ ಪ್ರತಿ ಮಾಡಿಟ್ಟಿದ್ದೆ. ಈಗ ತೆರೆದರೆ ಕನ್ನಡ ಇರಬೇಕಾದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಂದಲ ಕಾಣುತ್ತದೆ. ಹತ್ತು ವರ್ಷದ ಲಗ್ನಪತ್ರಿಕೆ, ಕರಪತ್ರಗಳೆಲ್ಲ ಹಾಳಾದವೇ?
– ಓದುಗರು, ಬೆಟಗೇರಿ, ಗದಗ

ಉತ್ತರ: ಏನೂ ಹಾಳಾಗಿಲ್ಲ. ಫಾಂಟ್ ಮಾತ್ರ ಹೋಗಿದೆ. ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕೂರಿಸಿದ್ದರು. ಕಡತದೊಳಗೆ ದಾಖಲಾಗಿರುವುದು ಆ ಇಂಗ್ಲಿಷ್ ಸಂಕೇತಗಳೇ; ಅವನ್ನು ಕನ್ನಡವಾಗಿ ತೋರಿಸುತ್ತಿದ್ದದ್ದು ಫಾಂಟ್. ‘ಕನ್ನಡ’ ಎಂದು ಬರೆದಲ್ಲಿ ಈಗ ನಿಮಗೆ ಒಂದು ದೊಡ್ಡ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಪೌಂಡ್ ಹಣದ ಚಿಹ್ನೆ, ಕೊನೆಯ ಹತ್ತಿರ ಒಂದು ಚಿಕ್ಕ ಕ್ಯೂ ಕಾಣುತ್ತಿರಬೇಕು. ಹೌದಾದರೆ ಅದು ನುಡಿಯದೇ. ಕಾರ್ಖಾನೆಯಿಂದ ಬಂದ ವಿಂಡೋಸಿನಲ್ಲಿ ತುಂಗಾ ಎಂಬ ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತವಿರುವ ವಿಧಾನ) ಫಾಂಟ್ ಇರುತ್ತದೆಯೇ ಹೊರತು ನುಡಿಯ ಫಾಂಟುಗಳು ಇರುವುದಿಲ್ಲ, ತುಂಗಾದಿಂದ ಈ ಕೆಲಸ ಆಗುವುದೂ ಇಲ್ಲ.

ನುಡಿ ತಂತ್ರಾಂಶವನ್ನು ಮತ್ತೆ ಹಾಕಿಕೊಂಡರೆ, ಅಥವಾ ಗೆಳೆಯರ ಕಂಪ್ಯೂಟರಿನಿಂದ ಆ ಫಾಂಟುಗಳನ್ನು ತಂದು ಕಂಟ್ರೋಲ್ ಪ್ಯಾನೆಲ್ಲಿನ ‘ಫಾಂಟ್ಸ್’ ಫೋಲ್ಡರಿಗೆ ಹಾಕಿದರೆ, ಲಗ್ನಪತ್ರಿಕೆಗಳೆಲ್ಲ ಮೊದಲಿನಂತೆ ಕಾಣಿಸುತ್ತವೆ. ಶ್ರೀಲಿಪಿಯಲ್ಲಿ ಮಾಡಿದ ಕಡತಗಳಿದ್ದರೆ ಅವಕ್ಕೆ ಶ್ರೀಲಿಪಿಯೇ ಬೇಕು, ಏಕೆಂದರೆ ಅದರ ಸಂಕೇತಗಳೇ ಬೇರೆ. ಎಲ್ಲವನ್ನೂ ಯೂನಿಕೋಡಿಗೆ ಬದಲಿಸಿಬಿಡಿ ಎಂದು ಹಲವರು ಹೇಳುತ್ತಾರೆ. ನಿಮ್ಮ ವೃತ್ತಿಗೆ ಆ ಮಾತು ಅರ್ಧ ಮಾತ್ರ ಸರಿ. ಪುಟವಿನ್ಯಾಸದ ಪೇಜ್‌ಮೇಕರ್ ತನ್ನ ಕೊನೆಯ 7ನೆಯ ಆವೃತ್ತಿಯಲ್ಲಿಯೂ ಯೂನಿಕೋಡನ್ನು ಅರಿಯದು. ಹಾಗಾಗಿ ಬರಹವನ್ನು ನುಡಿಯ ಪರಿವರ್ತಕದಿಂದ ಯೂನಿಕೋಡಿಗೆ ತಂದು ಒಂದು ಪ್ರತಿ ಇಟ್ಟುಕೊಳ್ಳಿ, ಮೂಲ ಕಡತವನ್ನೂ ಅಳಿಸಬೇಡಿ. ಪರಿವರ್ತನೆಯಾದ ಪ್ರತಿಯಲ್ಲಿ ಅರ್ಕಾವತ್ತು ಮತ್ತು ಒತ್ತಕ್ಷರಗಳ ಮೇಲೆ ಒಮ್ಮೆ ಕಣ್ಣಾಡಿಸುವುದು ಅವಶ್ಯ. ತಪ್ಪುಗಳು ನುಸುಳುವುದು ಅಲ್ಲಿಯೇ. ಮುಂದಿನ ಸಲ ರಿಕವರಿ ಮಾಡುವ ಮೊದಲು ಫಾಂಟ್ಸ್ ಫೋಲ್ಡರನ್ನೂ ಪ್ರತಿ ಮಾಡಿಕೊಳ್ಳಿ.

ಪ್ರಶ್ನೆ: ನಮ್ಮ ಮೆಣಸಿನಕಾಯಿ ವ್ಯಾಪಾರದ ಲೆಕ್ಕವನ್ನು ಮನೆಯ ಕಂಪ್ಯೂಟರಿನಲ್ಲಿ ಟ್ಯಾಲಿ ಹಾಕಿ ಬರೆಯುತ್ತಿದ್ದೆವು. ಹೊಸದು ಕೊಂಡಿದ್ದೇವೆ, ವಿಂಡೋಸ್ 10 ಇರುವ ಹಳೆಯದನ್ನು ಅಕ್ಕನ ಮಗಳಿಗೆ ಕೊಡಬೇಕೆಂದಿದ್ದೇವೆ. ಲೆಕ್ಕಪತ್ರ ಬೇರೆಯವರ ಕೈ ಸೇರದಂತೆ ಹೇಗೆ ಅಳಿಸಬೇಕು?
– ಓದುಗರು, ಬ್ಯಾಡಗಿ, ಹಾವೇರಿ ಜಿಲ್ಲೆ

ಉತ್ತರ: ಟ್ಯಾಲಿಯ ದತ್ತಾಂಶದ ಬ್ಯಾಕಪ್ ತೆಗೆದು, ಹೊಸ ಕಂಪ್ಯೂಟರಿನಲ್ಲಿ ಅದನ್ನು ರಿಸ್ಟೋರ್ ಮಾಡಿ, ಕಳೆದ ವರ್ಷದ ಲೆಡ್ಜರ್ ಒಂದನ್ನು ತೆರೆದು ತಾಳೆ ನೋಡಿ. ಆಮೇಲೆ ಹಳೆಯ ಯಂತ್ರದಲ್ಲಿ ಟ್ಯಾಲಿಯ ಪರವಾನಗಿಯನ್ನು ಸರೆಂಡರ್ ಮಾಡಿ, ಅಂದರೆ ಆ ಯಂತ್ರದಿಂದ ಬಿಡಿಸಿ. ಇದನ್ನು ಮರೆತು ಎಲ್ಲವನ್ನೂ ಅಳಿಸಿಬಿಟ್ಟರೆ ಅದೇ ಪರವಾನಗಿಯನ್ನು ಹೊಸ ಯಂತ್ರದಲ್ಲಿ ಎಬ್ಬಿಸಲು ಅಲೆದಾಡಬೇಕಾದೀತು.

ಬಳಿಕ ಸೆಟ್ಟಿಂಗ್ಸ್, ಅಪ್‌ಡೇಟ್ ಆ್ಯಂಡ್ ಸೆಕ್ಯುರಿಟಿ, ರಿಕವರಿ ಎಂಬಲ್ಲಿಗೆ ಹೋಗಿ ‘ರಿಸೆಟ್ ದಿಸ್ ಪಿಸಿ’ ಒತ್ತಿ. ‘ಕೀಪ್ ಮೈ ಫೈಲ್ಸ್’ ನಿಮಗಲ್ಲ. ‘ರಿಮೂವ್ ಎವೆರಿಥಿಂಗ್’ ಆರಿಸಿ. ವಿಂಡೋಸನ್ನು ಎಲ್ಲಿಂದ ತರಬೇಕೆಂದು ಕೇಳಿದಾಗ ಮೊಬೈಲಿನ ಇಂಟರ್ನೆಟ್ ಬಳಸುವವರಾದರೆ ‘ಲೋಕಲ್’ ಎನ್ನಿ, ಏಕೆಂದರೆ ‘ಕ್ಲೌಡ್’ ಎಂದರೆ ಸುಮಾರು 4 ಜಿ.ಬಿ. ಡೇಟಾ ಖರ್ಚಾಗುತ್ತದೆ. ಮುಖ್ಯವಾದದ್ದು ಇನ್ನೂ ಇದೆ: ‘ಚೇಂಜ್ ಸೆಟ್ಟಿಂಗ್ಸ್’ ಒಳಗೆ ದತ್ತಾಂಶವನ್ನು ಶುಚಿಗೊಳಿಸುವ ‘ಕ್ಲೀನ್ ಡೇಟಾ’ ಆಯ್ಕೆಯನ್ನು ಆನ್ ಮಾಡಬೇಕು, ಬೇರೆ ಡ್ರೈವುಗಳಲ್ಲಿಯೂ ಲೆಕ್ಕವಿದ್ದರೆ ಅವನ್ನೂ ಸೇರಿಸಬೇಕು. ಸಾಮಾನ್ಯ ಅಳಿಸುವಿಕೆಯಲ್ಲಿ ಕಡತದ ವಿಳಾಸ ಮಾತ್ರ ಹೋಗುತ್ತದೆ, ಒಳಗಿನದನ್ನು ಬೇರೆ ತಂತ್ರಾಂಶಗಳಿಂದ ಮತ್ತೆ ತೆಗೆಯಬಹುದು. ಈ ಆಯ್ಕೆ ಅದರ ಮೇಲೆ ಬರೆದು ಮುಚ್ಚುತ್ತದೆ. ಅದಕ್ಕೆ ಹಲವು ಗಂಟೆ ಬೇಕು. ಯಂತ್ರ ಸೇರುವುದು ಹುಡುಗಿಯ ಕೈಗೆ ಆದ್ದರಿಂದ ಒಂದು ಮಾತು: ವಿಂಡೋಸ್ 10ರ ವಿಸ್ತರಿತ ಭದ್ರತಾ ತಿದ್ದುಪಡಿಗೆ ಮನೆಬಳಕೆದಾರರು ಹೆಸರು ನೋಂದಾಯಿಸಿದರೆ, ಮೊದಲು ಘೋಷಿಸಿದ ಪ್ರಕಾರ, 2026ರ ಅಕ್ಟೋಬರ್ 13ರವರೆಗೆ ಅದು ಸಿಗುತ್ತದೆ.

ಪ್ರಶ್ನೆ: ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ. ಕಪ್ಪು ಪರದೆಯಲ್ಲಿ ‘ಲೋಡ್ ಡಿಫಾಲ್ಟ್ಸ್’ ಎಂದು ತೋರಿಸುತ್ತದೆ. ಒತ್ತಿದರೆ ಫೋಟೊಗಳೆಲ್ಲ ಅಳಿಯುತ್ತವೆಯೇ?
– ಗೃಹಿಣಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಅಳಿಯುವುದಿಲ್ಲ. ಅದು ಬಯಾಸಿನ ಹೊಂದಾಣಿಕೆಗಳನ್ನು ಮಾತ್ರ ಮೂಲಕ್ಕೆ ತರುತ್ತದೆ. ಹಾರ್ಡ್ ಡಿಸ್ಕನ್ನು ಮುಟ್ಟುವುದಿಲ್ಲ. ಆದರೆ ಅದನ್ನು ಒತ್ತಿದ ಮೇಲೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಂತರೆ, ಬಯಾಸಿನಲ್ಲಿ ಡಿಸ್ಕಿನೊಡನೆ ವ್ಯವಹರಿಸುವ ಸಾಟಾ ವಿಧಾನ ಐಡಿಇಗೋ ಎಎಚ್‌ಸಿಐಗೋ ಬದಲಾಗಿದೆಯೆಂದು ತಿಳಿದು ಇನ್ನೊಂದಕ್ಕೆ ಹೊರಳಿಸಬೇಕು. ನಿಮ್ಮ ತೊಂದರೆಯ ಮೂಲ ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ ಸೆಲ್ಲಿನಲ್ಲಿದೆ. ಅದರ ಹೆಸರು ಸಿಆರ್ 2032, ಮೂರು ವೋಲ್ಟಿನದು, ಗಡಿಯಾರದ ಅಂಗಡಿಗಳಲ್ಲಿಯೂ ಸಿಗುತ್ತದೆ. ಪ್ಲಗ್ಗನ್ನು ಪೂರ್ತಿ ಕಿತ್ತು, ಹಳೆಯದನ್ನು ತೆಗೆದು, ಬರಹವಿರುವ ಮುಖ ಮೇಲೆ ಬರುವಂತೆ ಹೊಸದನ್ನು ಕೂರಿಸಿ, ದಿನಾಂಕ ಸರಿಪಡಿಸಿ. ಜಾಲತಾಣಗಳು ‘ಸಂಪರ್ಕ ಸುರಕ್ಷಿತವಲ್ಲ’ ಎಂದು ತಡೆಯುತ್ತಿದ್ದರೆ ಅದೂ ಇದರಿಂದಲೇ ನಿಲ್ಲಬಹುದು, ಏಕೆಂದರೆ ಅವುಗಳ ಭದ್ರತಾ ಪ್ರಮಾಣಪತ್ರದ ಅವಧಿಯನ್ನು ಬ್ರೌಸರ್ ನಿಮ್ಮ ಕಂಪ್ಯೂಟರಿನ ದಿನಾಂಕದೊಂದಿಗೇ ಹೋಲಿಸಿ ನೋಡುತ್ತದೆ.