ಪುಕ್ಕಟೆ ಅಪ್‌ಗ್ರೇಡ್ ಸಿಕ್ಕವರನ್ನು ಬೇರೆ ಥರ ನೋಡುತ್ತಾರಾ?

ಫ್ರಾಂಕ್‌ಫರ್ಟ್ ವಿಮಾನಕ್ಕೆ ಗೇಟ್ ಹತ್ತಿರ ಪುಕ್ಕಟೆ ಬಿಸಿನೆಸ್ ಕ್ಲಾಸ್ ಸಿಕ್ಕಿದರೆ ಗಗನಸಖಿಯರಿಗೆ ಗೊತ್ತಾಗುತ್ತಾ, ಸಸಾರ ಮಾಡುತ್ತಾರಾ ಅಂತ ಕೇಳಿದ್ದೀರಿ. ಗೊತ್ತಾಗಬಹುದು. ಅವರ ಟ್ಯಾಬ್‌ನಲ್ಲಿ ಸೀಟ್ ನಂಬರಿನ ಎದುರು ನಿಮ್ಮ ಹೆಸರು, ವಿಮಾನ ಕಂಪನಿಯ ಮೆಂಬರ್‌ಶಿಪ್ ದರ್ಜೆ, ವಿಶೇಷ ಊಟ ಇರುತ್ತದೆ. ಕೆಲವು ಕಂಪನಿಗಳಲ್ಲಿ ಅಪ್‌ಗ್ರೇಡ್ ಆಗಿದ್ದೂ ಕಾಣುತ್ತದೆ. ಆದರೆ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಲು ಅವರಿಗೆ ಪುರುಸೊತ್ತೆಲ್ಲಿ? ಸಾಮಾನ್ಯವಾಗಿ ಎಕಾನಮಿಯಲ್ಲಿ ಸೀಟಿಗಿಂತ ಜಾಸ್ತಿ ಟಿಕೆಟ್ ಮಾರಿ ಕಂಪನಿಯೇ ನಿಮ್ಮನ್ನು ಮುಂದೆ ಕಳಿಸಿರುತ್ತದೆ. ನೀವೇನೂ ಕಾಡಿ ಬೇಡಿ ತಗೊಂಡಿದ್ದಲ್ಲ ಅಲ್ವಾ.

ವ್ಯತ್ಯಾಸ ಗೊತ್ತಾಗುವುದು ಊಟದಲ್ಲಿ. ಕೆಲವು ಕಡೆ ಮೇಲ್ದರ್ಜೆ ಸದಸ್ಯರನ್ನು ಮೊದಲು ಕೇಳುತ್ತಾರೆ. ನಿಮ್ಮ ಸರದಿ ಬರುವಷ್ಟರಲ್ಲಿ ಪನೀರ್ ಖಾಲಿಯಾಗಿರಬಹುದು. ಮೊದಲೇ ಹೇಳಿಟ್ಟ ಜೈನ್ ಊಟವಂತೂ ಸಾಮಾನ್ಯವಾಗಿ ಹಿಂದಿನ ಗ್ಯಾಲಿಯಲ್ಲೇ (ಎಕಾನಮಿಯ ಊಟ ಇಡುವ ಪುಟ್ಟ ಅಡುಗೆಮನೆ) ಇರುತ್ತದೆ. ಹತ್ತಿದ ತಕ್ಷಣ ಹೇಳಿ, ತಂದುಕೊಡುತ್ತಾರೆ. ಎಕಾನಮಿ ಟ್ರೇಯಲ್ಲೇ ಬಂದರೆ ಬೇಜಾರು ಮಾಡ್ಕೋಬೇಡಿ. ಲಗೇಜ್, ಮೈಲ್ಸ್ (ಪ್ರಯಾಣಕ್ಕೆ ಸಿಗುವ ಪಾಯಿಂಟ್ಸ್), ಲೌಂಜ್ ಸಾಮಾನ್ಯವಾಗಿ ಹಳೇ ಟಿಕೆಟ್ ಲೆಕ್ಕದಲ್ಲೇ.

ಶಾಂಪೇನ್ ಇನ್ನೊಂದು ಗ್ಲಾಸ್ ಕೇಳಲು ಸಂಕೋಚ ಬೇಡ, ಹಾಸಿಗೆ ಹಾಸಿಕೊಡಿ ಅಂತಲೂ ಕೇಳಬಹುದು. ಹಿಂದೆ ಕೂತ ಸ್ನೇಹಿತರನ್ನು ಸುಮ್ನೆ ಸೆಲ್ಫಿಗೆ ಅಂತ ಮುಂದೆ ಕರೆಸಿದರೆ ಮಾತ್ರ ಮುಖ ಗಂಟಿಕ್ಕುತ್ತಾರೆ.